ದಕ್ಷಿಣ ಆಫ್ರಿಕಾದ ಜನಸಂಖ್ಯೆ: ಅಂಕಿ ಓದುವ ಕ್ರಮ, ಎಡವುವ ಜಾಗಗಳು

2022ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಎಷ್ಟು ಜನರಿದ್ದರು? ಆ ವರ್ಷದ ಜನಗಣತಿ 6.20 ಕೋಟಿ ಎನ್ನುತ್ತದೆ. ಗಣತಿ ನಡೆಸಿದ ಸರ್ಕಾರಿ ಸಂಸ್ಥೆ ಸ್ಟ್ಯಾಟಿಸ್ಟಿಕ್ಸ್ ಸೌತ್ ಆಫ್ರಿಕಾ ಅದೇ ವರ್ಷ ಹೊರತಂದ ವರ್ಷಮಧ್ಯದ ಅಂದಾಜು (ಜನನ, ಮರಣ, ವಲಸೆಗಳಿಂದ ಲೆಕ್ಕ ಹಾಕಿದ್ದು) 6.06 ಕೋಟಿ ಎನ್ನುತ್ತದೆ. ಗಣತಿಯಲ್ಲಿ ನಿಜವಾಗಿ ಎಣಿಕೆಗೆ ಸಿಕ್ಕವರು ಮಾತ್ರ ಸುಮಾರು 4.28 ಕೋಟಿ. ಮೂರು ಅಂಕಿಗಳಲ್ಲಿ ಯಾವುದೂ ಅಚ್ಚಿನ ತಪ್ಪಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ.

ಈ ದೇಶದ ಅಂಕಿಗಳನ್ನು ಲೇಖನಕ್ಕೋ ಪಾಠಕ್ಕೋ ಯೋಜನಾ ವರದಿಗೋ ಬಳಸುವವರು ಪ್ರತಿಯೊಂದು ಸಂಖ್ಯೆಯ ಪಕ್ಕದಲ್ಲೂ ನಾಲ್ಕು ವಿಷಯ ಬರೆದಿಟ್ಟುಕೊಳ್ಳಬೇಕು: ಯಾವ ದಿನಾಂಕದ್ದು, ಯಾವ ಮೂಲದ್ದು, ಯಾವ ಗಡಿಯೊಳಗಿನದ್ದು, ಶೇಕಡಾವಾರು ಆಗಿದ್ದರೆ ಯಾವ ಒಟ್ಟು ಸಂಖ್ಯೆಯ ಮೇಲೆ ತೆಗೆದದ್ದು. ಇವುಗಳಲ್ಲಿ ಒಂದಾದರೂ ಗೊತ್ತಿಲ್ಲದಿದ್ದರೆ ಆ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಹೋಗಬೇಡಿ. ಕೆಳಗೆ ಹೇಳುವ ತಪ್ಪುಗಳೆಲ್ಲ ಈ ನಾಲ್ಕರಲ್ಲಿ ಒಂದನ್ನು ಮರೆತದ್ದರಿಂದಲೇ ಆಗುವಂಥವು.

ಮೊದಲು ಕೋಷ್ಟಕದ ಬರವಣಿಗೆ

ದಕ್ಷಿಣ ಆಫ್ರಿಕಾದ ಅಧಿಕೃತ ಪ್ರಕಟಣೆಗಳಲ್ಲಿ ಸಾವಿರದ ಗುಂಪುಗಳ ನಡುವೆ ಅಲ್ಪವಿರಾಮ ಹಾಕುವುದಿಲ್ಲ, ಜಾಗ ಬಿಡುತ್ತಾರೆ. ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ. ಅಂದರೆ 62 027 503 ಎಂದಿದ್ದರೆ ಅದು ಒಂದೇ ಸಂಖ್ಯೆ, ನಮ್ಮ ಬರಹದಲ್ಲಿ 6,20,27,503. ‘60,6 ಮಿಲಿಯನ್’ ಎಂದರೆ ಅರವತ್ತು ದಶಮಾಂಶ ಆರು ಮಿಲಿಯನ್, 6.06 ಕೋಟಿ. ಅವಸರದಲ್ಲಿ ಆ ಅಲ್ಪವಿರಾಮವನ್ನು ಬಿಟ್ಟು 606 ಮಿಲಿಯನ್ ಮಾಡಿಕೊಂಡರೆ ದೇಶ ಹತ್ತು ಪಟ್ಟು ಹಿಗ್ಗುತ್ತದೆ.

ಎಕ್ಸೆಲ್‌ಗೆ ನಕಲು ಮಾಡಿದಾಗ ಈ ಸಂಖ್ಯೆಗಳು ಅಕ್ಷರಗಳಾಗಿ ಕೂರುತ್ತವೆ, ಮೊತ್ತ ಸೊನ್ನೆ ಬರುತ್ತದೆ. ಕೀಲಿಮಣೆಯಲ್ಲಿ ಜಾಗದ ಗುಂಡಿ ಒತ್ತಿ ‘ಹುಡುಕಿ ಬದಲಿಸು’ ಮಾಡಿದರೂ ಎಷ್ಟೋ ಸಲ ಕೆಲಸವಾಗುವುದಿಲ್ಲ. ಅಲ್ಲಿರುವುದು ಮಾಮೂಲಿ ಖಾಲಿ ಜಾಗವಲ್ಲ, ಸಾಲು ಮುರಿಯದಂತೆ ತಡೆಯುವ ಬೇರೆ ಸಂಕೇತ. ಒಂದು ಕೋಶದಿಂದ ಆ ಖಾಲಿ ಜಾಗವನ್ನೇ ನಕಲು ಮಾಡಿ ಹುಡುಕುವ ಪೆಟ್ಟಿಗೆಗೆ ಅಂಟಿಸಿ, ಬದಲಿಗೆ ಏನೂ ಹಾಕದೆ ಎಲ್ಲವನ್ನೂ ಅಳಿಸಿ. ಆಮೇಲೆ ದಶಮಾಂಶದ ಅಲ್ಪವಿರಾಮವನ್ನು ಚುಕ್ಕೆಯಾಗಿಸಿ.

ಕೂಡಿಸಿ ತಾಳೆ ನೋಡುವಾಗ ಒಂದೆರಡರ ವ್ಯತ್ಯಾಸ ಬಂದರೆ ತಲೆಕೆಡಿಸಿಕೊಳ್ಳಬೇಡಿ. 2022ರ ಒಂಬತ್ತು ಪ್ರಾಂತ್ಯಗಳನ್ನು ಕೂಡಿಸಿದರೆ 6,20,27,502 ಬರುತ್ತದೆ, ಪ್ರಕಟವಾದ ಒಟ್ಟು ಅದಕ್ಕಿಂತ ಒಂದು ಹೆಚ್ಚು. ಎಣಿಸಿದ ಪ್ರತಿಯೊಬ್ಬರಿಗೂ ಒಂದು ತೂಕ ಕೊಟ್ಟು ಗುಣಿಸಿರುವುದರಿಂದ ದಶಮಾಂಶಗಳನ್ನು ದುಂಡಗಾಗಿಸುವಾಗ ಹೀಗಾಗುತ್ತದೆ. ಕಳೆದುಹೋದ ಆ ಒಬ್ಬನನ್ನು ಹುಡುಕುತ್ತ ಕೂರುವ ಅಗತ್ಯವಿಲ್ಲ.

ಎಣಿಕೆಗೆ ಸಿಗದವರ ಲೆಕ್ಕ

ಇಡೀ ವಿಷಯದ ತಿರುಳು ಇಲ್ಲಿದೆ. 1994ರ ನಂತರ ದಕ್ಷಿಣ ಆಫ್ರಿಕಾದಲ್ಲಿ ನಾಲ್ಕು ಜನಗಣತಿಗಳಾಗಿವೆ: 1996, 2001, 2011, 2022. ನಾಲ್ಕರಲ್ಲೂ ಪ್ರಕಟವಾದ ಸಂಖ್ಯೆ ಎಣಿಸಿದ ಸಂಖ್ಯೆಯಲ್ಲ, ಸರಿಪಡಿಸಿದ ಸಂಖ್ಯೆ. ಎಣಿಕೆಗೆ ಸಿಗದೆ ಉಳಿದವರ ಪ್ರಮಾಣ 1996ರಲ್ಲಿ ಶೇ 10.7, 2001ರಲ್ಲಿ ಶೇ 17.6, 2011ರಲ್ಲಿ ಶೇ 14.6 ಇತ್ತು. 2022ರಲ್ಲಿ ಅದು ಶೇ 31.06ಕ್ಕೆ ಜಿಗಿಯಿತು. ಹತ್ತರಲ್ಲಿ ಮೂವರು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಸಿಗದವರ ಸಂಖ್ಯೆ ಗೊತ್ತಾಗುವುದು ಹೇಗೆ? ಗಣತಿ ಮುಗಿದ ಮೇಲೆ ಕೆಲವು ಗಣತಿ ಬ್ಲಾಕ್‌ಗಳನ್ನು ಮಾದರಿಯಾಗಿ ಆರಿಸಿ ಬೇರೆ ತಂಡ ಮತ್ತೆ ಎಣಿಸುತ್ತದೆ. ಎರಡೂ ಪಟ್ಟಿಗಳನ್ನು ವ್ಯಕ್ತಿ ವ್ಯಕ್ತಿಯಾಗಿ ಹೊಂದಿಸುತ್ತಾರೆ. ಒಂದು ಬ್ಲಾಕ್‌ನಲ್ಲಿ ಗಣತಿಗೆ 80 ಜನ ಸಿಕ್ಕರು, ಮರುಎಣಿಕೆಗೆ 70 ಜನ ಸಿಕ್ಕರು, ಎರಡರಲ್ಲೂ ಇದ್ದವರು 60 ಎಂದುಕೊಳ್ಳಿ. ಆಗ ಅಲ್ಲಿರುವ ಜನ 80 × 70 ÷ 60, ಅಂದರೆ ಸುಮಾರು 93. ಗಣತಿಯಿಂದ ತಪ್ಪಿಹೋದವರು 93ರಲ್ಲಿ 13, ಶೇ 14ರ ಆಸುಪಾಸು. ಈ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ: ಗಣತಿಗೆ ಸಿಗುವುದಕ್ಕೂ ಮರುಎಣಿಕೆಗೆ ಸಿಗುವುದಕ್ಕೂ ಸಂಬಂಧವಿಲ್ಲ ಎಂಬುದು. ಕಾವಲುಗಾರರಿರುವ ಬಡಾವಣೆಯವರು ಎರಡೂ ಸಲ ಗೇಟು ತೆಗೆಯದಿದ್ದರೆ ಆ ನಂಬಿಕೆ ಕುಸಿಯುತ್ತದೆ. ತಪ್ಪಿಹೋದವರು ಕಡಿಮೆ ಇದ್ದಾಗ ಈ ದೋಷ ಸಣ್ಣದು, ಶೇ 31 ಆದಾಗ ದೊಡ್ಡದು.

ಲೆಕ್ಕ ಹಾಕುವಾಗ ಆಗುವ ಮಾಮೂಲಿ ತಪ್ಪು: ಎಣಿಸಿದ ಸಂಖ್ಯೆಗೆ ಶೇ 31 ಕೂಡಿಸುವುದು. ಶೇ 31.06 ಎನ್ನುವುದು ಸರಿಪಡಿಸಿದ ಒಟ್ಟಿನಲ್ಲಿ ಸಿಗದವರ ಪಾಲು, ಎಣಿಸಿದವರ ಪಾಲಲ್ಲ. ಆದ್ದರಿಂದ ಎಣಿಸಿದವರು 6.203 ಕೋಟಿ × 0.6894 = ಸುಮಾರು 4.28 ಕೋಟಿ. ಹಿಂದಕ್ಕೆ ಹೋಗಬೇಕಾದರೆ 0.6894ರಿಂದ ಭಾಗಿಸಬೇಕು. ಸಿಕ್ಕ ಒಬ್ಬೊಬ್ಬರೂ ಸರಾಸರಿ 1.45 ಜನರ ಪರವಾಗಿ ನಿಲ್ಲುತ್ತಾರೆ ಎಂದಾಯಿತು. ಶೇ 31 ಕೂಡಿಸಿದರೆ 5.6 ಕೋಟಿಗೇ ನಿಂತುಬಿಡುತ್ತೀರಿ.

ಇದೇ ಲೆಕ್ಕವನ್ನು 2011ಕ್ಕೆ ಮಾಡಿ ನೋಡಿ: 5.177 ಕೋಟಿ × 0.854 = ಸುಮಾರು 4.42 ಕೋಟಿ. ಹತ್ತು ವರ್ಷದಲ್ಲಿ ಜನಸಂಖ್ಯೆ ಒಂದು ಕೋಟಿಗೂ ಮೇಲೆ ಬೆಳೆದಿದೆ ಎಂದು ವರದಿ ಹೇಳುತ್ತದೆ. ಆದರೆ ಎಣಿಕೆಗೆ ಸಿಕ್ಕ ತಲೆಗಳು 2022ರಲ್ಲಿ 2011ಕ್ಕಿಂತ ಕಡಿಮೆ. ಬೆಳವಣಿಗೆ ಅಷ್ಟೂ ತೂಕದಿಂದ ಬಂದದ್ದು. ಬೆಳವಣಿಗೆ ಸುಳ್ಳು ಎಂದು ಇದರರ್ಥವಲ್ಲ. ಆದರೆ ಅದರ ಕೊನೆಯ ಅಂಕಿಗಳನ್ನು ನೆಚ್ಚಿಕೊಂಡು ವಾದ ಕಟ್ಟಬಾರದು.

2022ರ ಗಣತಿ ಅಲ್ಲಿ ಮೊದಲ ಸಲ ಡಿಜಿಟಲ್ ಆಗಿ ನಡೆಯಿತು. ಮನೆಗೆ ಬಂದ ಗಣತಿದಾರರ ಟ್ಯಾಬ್ಲೆಟ್, ದೂರವಾಣಿ, ಅಂತರ್ಜಾಲ ಎಂದು ಮೂರು ದಾರಿ ಇಟ್ಟಿದ್ದರು. ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಏಪ್ರಿಲ್‌ನಲ್ಲಿ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಭೀಕರ ಪ್ರವಾಹ ಬಂತು, ವೆಸ್ಟರ್ನ್ ಕೇಪ್‌ನಲ್ಲಿ ಕೆಲಸ ಮೇ ತನಕ ಎಳೆಯಿತು. ಫಲಿತಾಂಶ ಪ್ರಕಟವಾದದ್ದು 2023ರ ಅಕ್ಟೋಬರ್ 10ರಂದು. 2024ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಜನಸಂಖ್ಯಾ ತಜ್ಞರಾದ ಟಾಮ್ ಮೌಲ್ಟ್ರಿ ಮತ್ತು ರಾಬ್ ಡೋರಿಂಗ್ಟನ್ ಈ ಅಂಕಿಗಳನ್ನು ಎಚ್ಚರದಿಂದ ಬಳಸಬೇಕೆಂದು ತಾಂತ್ರಿಕ ವರದಿ ಬರೆದರು. ಬಳಸುವವರಿಗೆ ನಮ್ಮ ಸಲಹೆ ಇಷ್ಟು: ರಾಷ್ಟ್ರ ಮಟ್ಟದ ಒಟ್ಟು ಸಂಖ್ಯೆ ಸ್ಥೂಲ ಚಿತ್ರಕ್ಕೆ ಸಾಕು. ಪ್ರಾಂತ್ಯದ ಅಂಕಿ ಬಳಸುವಾಗ ಒಂದು ಅಡಿಟಿಪ್ಪಣಿ ಇರಲಿ. ಪಾಲಿಕೆ (ಅಲ್ಲಿ ಹಳ್ಳಿಗಾಡನ್ನೂ ಒಳಗೊಂಡ ಸ್ಥಳೀಯ ಆಡಳಿತ ಘಟಕ) ಮಟ್ಟದಲ್ಲಿ ಇನ್ನೊಂದು ಮೂಲದ ಜೊತೆ ತಾಳೆ ನೋಡದೆ ಬರೆಯಬೇಡಿ. ವಾರ್ಡು, ಬಡಾವಣೆಗಳ ಮಟ್ಟಕ್ಕೆ 2011ರ ಗಣತಿಯೇ ವಾಸಿ, ಹಳೆಯದಾದರೂ.

ಪಾಲಿಕೆ ಮಟ್ಟದ ಎಚ್ಚರಿಕೆ ಏಕೆಂದು ಕೇಳಿದರೆ ಗೌಟೆಂಗ್ ಪ್ರಾಂತ್ಯದ ಮೂರು ಮಹಾನಗರಗಳನ್ನು ನೋಡಿ. 2011ರಿಂದ 2022ರ ನಡುವೆ ಜೊಹಾನ್ಸ್‌ಬರ್ಗ್ 44,34,827ರಿಂದ 48,03,262ಕ್ಕೆ ಏರಿದೆ, ಬೆಳವಣಿಗೆ ಶೇ 8. ಪಕ್ಕದ ಎಕುರ್ಹುಲೇನಿ 31,78,470ರಿಂದ 40,66,691ಕ್ಕೆ, ಶೇ 28. ಇನ್ನೊಂದು ಪಕ್ಕದ ಶ್ವಾನೆ, ಅಂದರೆ ಪ್ರಿಟೋರಿಯಾ ಇರುವ ಮಹಾನಗರ, 29,21,488ರಿಂದ 40,40,315ಕ್ಕೆ, ಶೇ 38. ಒಂದಕ್ಕೊಂದು ಅಂಟಿಕೊಂಡಿರುವ, ಒಂದೇ ಉದ್ಯೋಗ ಮಾರುಕಟ್ಟೆಯ ಊರುಗಳಲ್ಲಿ ಇಷ್ಟು ಅಂತರ ನಿಜವೂ ಇರಬಹುದು, ತೂಕದ ಆಟವೂ ಇರಬಹುದು. ‘ಜನ ಜೊಹಾನ್ಸ್‌ಬರ್ಗ್ ಬಿಟ್ಟು ಪ್ರಿಟೋರಿಯಾಕ್ಕೆ ಹೋಗುತ್ತಿದ್ದಾರೆ’ ಎಂದು ಬರೆಯುವ ಮುನ್ನ ಶಾಲಾ ದಾಖಲಾತಿ, ಮತದಾರರ ನೋಂದಣಿ, ವಿದ್ಯುತ್ ಸಂಪರ್ಕಗಳಲ್ಲೂ ಅದೇ ಓಟ ಕಾಣುತ್ತದೆಯೇ ಎಂದು ನೋಡಿ.

ಗಡಿ ಸರಿದಾಗ

ಎರಡನೇ ದೊಡ್ಡ ಗುಂಡಿ ಪ್ರಾಂತ್ಯಗಳ ಗಡಿ. 2005ರಲ್ಲಿ ಸಂವಿಧಾನ ತಿದ್ದಿ, ಎರಡು ಪ್ರಾಂತ್ಯಗಳಲ್ಲಿ ಹರಡಿಕೊಂಡಿದ್ದ ಪಾಲಿಕೆಗಳನ್ನು ರದ್ದು ಮಾಡಿದರು. ಬುಷ್‌ಬಕ್‌ರಿಜ್ ಲಿಂಪೊಪೊದಿಂದ ಎಂಪುಮಲಾಂಗಕ್ಕೆ ಸೇರಿತು. ಉಮ್ಜಿಮ್‌ಕುಲು ಈಸ್ಟರ್ನ್ ಕೇಪ್‌ನಿಂದ ಕ್ವಾಜುಲು-ನಟಾಲ್‌ಗೆ ಹೋಯಿತು, ಮಟಟಿಯೆಲೆ ಅದರ ಎದುರು ದಿಕ್ಕಿಗೆ. ನಾರ್ತ್ ವೆಸ್ಟ್‌ನ ದೊಡ್ಡ ಭಾಗಗಳು ನಾರ್ದರ್ನ್ ಕೇಪ್ ಮತ್ತು ಗೌಟೆಂಗ್‌ಗೆ ಹೋದವು. ಖುತ್ಸೊಂಗ್ ಇರುವ ಮೆರಾಫೊಂಗ್ ಪಾಲಿಕೆಯನ್ನು ಗೌಟೆಂಗ್‌ನಿಂದ ತೆಗೆದು ನಾರ್ತ್ ವೆಸ್ಟ್‌ಗೆ ಹಾಕಿದಾಗ ಊರೇ ದಂಗೆಯೆದ್ದಿತು, 2009ರಲ್ಲಿ ಮತ್ತೆ ಗೌಟೆಂಗ್‌ಗೆ ಮರಳಿಸಿದರು.

ಹೀಗಾಗಿ 2001ರ ಗಣತಿಗೆ ಎರಡು ಸೆಟ್ ಪ್ರಾಂತ್ಯವಾರು ಅಂಕಿಗಳಿವೆ: ಗಣತಿಯ ದಿನದ ಹಳೆಯ ಗಡಿಯವು, ಆಮೇಲೆ ಹೊಸ ಗಡಿಗೆ ಹೊಂದಿಸಿದವು. ಅಂತರ್ಜಾಲದಲ್ಲಿ ಎರಡೂ ಹೆಸರಿಲ್ಲದೆ ಓಡಾಡುತ್ತವೆ. ನಾರ್ತ್ ವೆಸ್ಟ್‌ಗೆ ಹಳೆಯದು 36,69,349, ಹೊಂದಿಸಿದ್ದು 29,84,098. 2011ರಲ್ಲಿ ಅಲ್ಲಿ 35,09,953 ಜನ. ಹಳೆಯದರ ಜೊತೆ ಹೋಲಿಸಿದರೆ ಪ್ರಾಂತ್ಯ ಶೇ 4.3 ಕುಗ್ಗಿದೆ. ಹೊಂದಿಸಿದ್ದರ ಜೊತೆ ಹೋಲಿಸಿದರೆ ಶೇ 17.6 ಬೆಳೆದಿದೆ. ನಾರ್ದರ್ನ್ ಕೇಪ್‌ನಲ್ಲಿ ಇದು ತಿರುವುಮುರುವು: ಹಳೆಯ 8,22,727ನ್ನು ಹಿಡಿದರೆ 2011ರ 11,45,861ಕ್ಕೆ ಶೇ 39 ಏರಿಕೆ, ಹೊಂದಿಸಿದ 9,91,919ನ್ನು ಹಿಡಿದರೆ ಶೇ 15.5. ಮರುಭೂಮಿಯ ಅಂಚಿನ ಪ್ರಾಂತ್ಯಕ್ಕೆ ಜನ ನುಗ್ಗಿಬಂದರು ಎಂಬ ಕಥೆ ಹುಟ್ಟುವುದು ಹೀಗೆ. ಅಲ್ಲಿ ನಿಜವಾಗಿ ಸರಿದದ್ದು ಗಡಿ.

ಕೈಯಲ್ಲಿರುವುದು ಯಾವ ಸೆಟ್ ಎಂದು ತಿಳಿಯಲು ನಾರ್ದರ್ನ್ ಕೇಪ್ ಸಾಲು ನೋಡಿದರೆ ಸಾಕು. 8 ಲಕ್ಷ ಚಿಲ್ಲರೆ ಇದ್ದರೆ ಹಳೆಯ ಗಡಿ, 10 ಲಕ್ಷದ ಹತ್ತಿರ ಇದ್ದರೆ ಹೊಸದು. ವೆಸ್ಟರ್ನ್ ಕೇಪ್ (45,24,335) ಮತ್ತು ಫ್ರೀ ಸ್ಟೇಟ್ (27,06,775) ಎರಡೂ ಸೆಟ್‌ಗಳಲ್ಲಿ ಒಂದೇ, ಅವುಗಳಿಂದ ಏನೂ ತಿಳಿಯದು.

ಹೋಲಿಕೆಗೆ ತಕ್ಕ ಅಂಕಿಗಳು ಇವು. ಮೊದಲನೆಯದು ಹೊಸ ಗಡಿಗೆ ಹೊಂದಿಸಿದ 2001, ನಂತರ 2011, ಕೊನೆಗೆ 2022:

ಗೌಟೆಂಗ್: 93,88,854, 1,22,72,263, 1,50,99,422
ಕ್ವಾಜುಲು-ನಟಾಲ್: 95,84,129, 1,02,67,300, 1,24,23,907
ವೆಸ್ಟರ್ನ್ ಕೇಪ್: 45,24,335, 58,22,734, 74,33,019
ಈಸ್ಟರ್ನ್ ಕೇಪ್: 62,78,651, 65,62,053, 72,30,204
ಲಿಂಪೊಪೊ: 49,95,462, 54,04,868, 65,72,720
ಎಂಪುಮಲಾಂಗ: 33,65,554, 40,39,939, 51,43,324
ನಾರ್ತ್ ವೆಸ್ಟ್: 29,84,098, 35,09,953, 38,04,548
ಫ್ರೀ ಸ್ಟೇಟ್: 27,06,775, 27,45,590, 29,64,412
ನಾರ್ದರ್ನ್ ಕೇಪ್: 9,91,919, 11,45,861, 13,55,946

ಇದರಲ್ಲಿ ಪತ್ರಿಕೆಗಳು ಹೆಚ್ಚು ಎತ್ತಿದ ಸುದ್ದಿ ವೆಸ್ಟರ್ನ್ ಕೇಪ್ ಮೂರನೇ ಸ್ಥಾನಕ್ಕೆ ಬಂದದ್ದು. ಈಸ್ಟರ್ನ್ ಕೇಪ್‌ಗೂ ಅದಕ್ಕೂ ಅಂತರ ಎರಡು ಲಕ್ಷ, ಶೇ 3ಕ್ಕಿಂತ ಕಡಿಮೆ. ಸುಮಾರು ಮೂವರಲ್ಲಿ ಒಬ್ಬರು ಎಣಿಕೆಗೆ ಸಿಗದ ಗಣತಿಯಲ್ಲಿ ಇಷ್ಟು ಅಂತರಕ್ಕೆ ‘ಸರಿಸುಮಾರು ಸಮ’ ಎಂದು ಬರೆಯುವುದೇ ಮರ್ಯಾದೆ. ವೆಸ್ಟರ್ನ್ ಕೇಪ್ ವೇಗವಾಗಿ ಬೆಳೆಯುತ್ತಿದೆ ಎನ್ನುವುದಕ್ಕೆ ಮಾತ್ರ ಮೂರೂ ಗಣತಿ ಒಕ್ಕೊರಲಿನಿಂದ ಸಾಕ್ಷಿ ಹೇಳುತ್ತವೆ. ಪ್ರಾಂತ್ಯಗಳಿಗೆ ಕೇಂದ್ರದ ಹಣ ಹಂಚುವ ಸೂತ್ರದಲ್ಲಿ ಜನಸಂಖ್ಯೆಯೂ ಸೇರಿರುವುದರಿಂದ ಅಲ್ಲಿ ಈ ಅಂಕಿಗಳಿಗೆ ರಾಜಕೀಯದ ಬಿಸಿಯೂ ಇದೆ.

ಪಾಲಿಕೆಗಳ ಗಡಿಯೂ ಬದಲಾಗುತ್ತಿರುತ್ತದೆ. 2016ರಲ್ಲಿ ಒಟ್ಟು ಸಂಖ್ಯೆ 278ರಿಂದ 257ಕ್ಕೆ ಇಳಿಯಿತು. ಕೆಲವು ಕಡೆ ಲೆಕ್ಕ ಸುಲಭ: ಉಮ್ಜಿಂಡಿಯನ್ನು ಎಂಬೊಂಬೆಲಾಗೆ ಸೇರಿಸಿದರು, 2011ರ ಎರಡೂ ಅಂಕಿ ಕೂಡಿಸಿದರೆ ಮುಗಿಯಿತು. ಲಿಂಪೊಪೊದ ಕಾಲಿನ್ಸ್ ಚಬಾನೆ ಪಾಲಿಕೆಯಂಥ ಕಡೆ ಕೂಡಿಸಿದರೆ ಆಗುವುದಿಲ್ಲ, ಅದು ಎರಡು ಹಳೆಯ ಪಾಲಿಕೆಗಳ ತುಂಡುಗಳಿಂದ ಆದದ್ದು. ಅಂಥಲ್ಲಿ ಹೊಸ ಗಡಿಗೆ ಹೊಂದಿಸಿದ 2011ರ ಅಂಕಿಯನ್ನು ಅಧಿಕೃತ ಮೂಲದಿಂದಲೇ ತೆಗೆದುಕೊಳ್ಳಿ, ಕೈಲೆಕ್ಕ ಬೇಡ.

ಸಾಂದ್ರತೆಗೆ ಇಷ್ಟು ತೊಡಕಿಲ್ಲ. ಗೌಟೆಂಗ್‌ನ ವಿಸ್ತೀರ್ಣ 18,178 ಚದರ ಕಿ.ಮೀ., ನಾರ್ದರ್ನ್ ಕೇಪ್‌ನದು 3,72,889. ಭಾಗಿಸಿದರೆ ಮೊದಲನೆಯದರಲ್ಲಿ ಚದರ ಕಿ.ಮೀ.ಗೆ ಸುಮಾರು 830 ಜನ, ಎರಡನೆಯದರಲ್ಲಿ 4 ಕೂಡ ಇಲ್ಲ. ದೇಶದ ಸರಾಸರಿ 51. ಆ ಸರಾಸರಿಯಂತೆ ಇರುವ ಊರು ಹುಡುಕಿದರೂ ಸಿಗುವುದು ಕಷ್ಟ, ಆದ್ದರಿಂದ ಅದನ್ನು ಒಂಟಿಯಾಗಿ ಬರೆಯದಿರುವುದು ಮೇಲು.

ಬೆಳವಣಿಗೆ ದರ ತೆಗೆಯುವುದು

ಮೂರು ಗಣತಿಗಳ ಗುರುತಿನ ರಾತ್ರಿ (ಯಾವ ರಾತ್ರಿಯ ಜನರನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಅದು) ಒಂದೇ, ಅಕ್ಟೋಬರ್ 9ರಿಂದ 10ರ ರಾತ್ರಿ: 1996, 2001, 2011. ನಾಲ್ಕನೆಯದು ಕೋವಿಡ್‌ನಿಂದ ತಡವಾಗಿ 2022ರ ಫೆಬ್ರುವರಿ 2ರಿಂದ 3ರ ರಾತ್ರಿಗೆ ಬಂತು. ಹಾಗಾಗಿ 2011 ಮತ್ತು 2022ರ ನಡುವೆ ಹನ್ನೊಂದು ವರ್ಷ ಇಲ್ಲ, ಹತ್ತೂ ಅಲ್ಲ. 10 ವರ್ಷ 116 ದಿನ, ಅಂದರೆ 10.32 ವರ್ಷ.

ಹೆಜ್ಜೆ ಇಷ್ಟೇ. 6,20,27,503ನ್ನು 5,17,70,560ರಿಂದ ಭಾಗಿಸಿ: 1.1981. ಅದರ ನೈಸರ್ಗಿಕ ಲಾಗ್ ತೆಗೆಯಿರಿ: 0.1808. 10.32ರಿಂದ ಭಾಗಿಸಿ: ವರ್ಷಕ್ಕೆ ಶೇ 1.75. ಹನ್ನೊಂದು ವರ್ಷ ಹಿಡಿದಿದ್ದರೆ ಶೇ 1.64 ಬರುತ್ತಿತ್ತು. ಒಟ್ಟು ಏರಿಕೆ ಶೇ 19.8ನ್ನು ವರ್ಷಗಳಿಂದ ನೇರವಾಗಿ ಭಾಗಿಸಿದರೆ ಶೇ 1.92, ಅದು ತಪ್ಪು. ಬೆಳೆದ ಜನರ ಮೇಲೂ ಬೆಳವಣಿಗೆ ಕೂಡುತ್ತದೆ ಎಂಬುದನ್ನು ಅದು ಮರೆಯುತ್ತದೆ.

ಹಿಂದಿನವನ್ನೂ ಇದೇ ಕ್ರಮದಲ್ಲಿ ತೆಗೆದರೆ 1996ರಿಂದ 2001ಕ್ಕೆ (4,05,83,573ರಿಂದ 4,48,19,778) ವರ್ಷಕ್ಕೆ ಶೇ 2.0, 2001ರಿಂದ 2011ಕ್ಕೆ ಶೇ 1.4, ಆಮೇಲೆ ಶೇ 1.75. ಇಳಿದು ಮತ್ತೆ ಏರಿದೆ. ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ ಎರಡೂವರೆಗಿಂತ ಕೆಳಗಿರುವ, ನಡುವೆ ಒಂದು ಮಹಾಮಾರಿ ಕಂಡ ದೇಶದಲ್ಲಿ ಬೆಳವಣಿಗೆ ಚುರುಕಾಯಿತು ಎಂದರೆ ಮೊದಲು ಅನುಮಾನಿಸಬೇಕಾದದ್ದು ಗಣತಿಗಳ ನಡುವಿನ ಗುಣಮಟ್ಟದ ವ್ಯತ್ಯಾಸವನ್ನು. 2011ರಲ್ಲಿ ಕಡಿಮೆ ಅಂದಾಜು ಆಗಿರಬಹುದು, 2022ರಲ್ಲಿ ಹೆಚ್ಚಾಗಿರಬಹುದು, ಎರಡೂ ಸ್ವಲ್ಪ ಸ್ವಲ್ಪ ಆಗಿರಬಹುದು. ವಲಸೆಯಿಂದಲೇ ಎಂದು ಹೇಳುವವರಿದ್ದಾರೆ. ಆದರೆ 2022ರ ಗಣತಿಯಲ್ಲೇ ಹೊರದೇಶದಲ್ಲಿ ಹುಟ್ಟಿದವರು 24 ಲಕ್ಷ, ಶೇ 4ರ ಒಳಗೆ, 2011ರಲ್ಲಿ ಸುಮಾರು 22 ಲಕ್ಷ. ಅವರಲ್ಲಿ ಹತ್ತು ಲಕ್ಷಕ್ಕೂ ಮೇಲೆ ಜಿಂಬಾಬ್ವೆಯಿಂದ ಬಂದವರು, ನಂತರ ಮೊಜಾಂಬಿಕ್, ಲೆಸೊಥೊ. ‘ಹೊರದೇಶದಲ್ಲಿ ಹುಟ್ಟಿದವರು’ ಮತ್ತು ‘ಹೊರದೇಶದ ಪ್ರಜೆಗಳು’ ಬೇರೆ ಬೇರೆ ಕೋಷ್ಟಕ ಎಂಬುದೂ ನೆನಪಿರಲಿ.

ಜನಗುಂಪು ಮತ್ತು ಭಾಷೆ

ಅಪಾರ್ಥೀಡ್ (ವರ್ಣಭೇದ ನೀತಿಯ) ಕಾಲದಲ್ಲಿ ಯಾರು ಯಾವ ಜನಾಂಗ ಎಂದು ಸರ್ಕಾರ ತೀರ್ಮಾನಿಸುತ್ತಿತ್ತು. 1950ರ ಜನಸಂಖ್ಯಾ ನೋಂದಣಿ ಕಾಯ್ದೆ 1991ರಲ್ಲಿ ರದ್ದಾಯಿತು. ಈಗಲೂ ಗಣತಿಯಲ್ಲಿ ಆ ಪ್ರಶ್ನೆ ಇದೆ, ಉತ್ತರ ಮಾತ್ರ ಜನರದೇ: ಕಪ್ಪು ಆಫ್ರಿಕನ್, ಕಲರ್ಡ್, ಭಾರತೀಯ ಅಥವಾ ಏಷ್ಯನ್, ಬಿಳಿಯರು, ಇತರರು. ‘ಕಲರ್ಡ್’ ಎಂಬುದನ್ನು ‘ಬಣ್ಣದವರು’ ಎಂದು ಅನುವಾದಿಸಬೇಡಿ. ಅದು ದಕ್ಷಿಣ ಆಫ್ರಿಕಾದಲ್ಲಿ ಮಿಶ್ರ ಮೂಲದ ಒಂದು ನಿರ್ದಿಷ್ಟ ಸಮುದಾಯದ ಹೆಸರು, ಕಪ್ಪುಜನರನ್ನೆಲ್ಲ ಸೇರಿಸುವ ಪದವಲ್ಲ.

2022ರ ಪಾಲು: ಕಪ್ಪು ಆಫ್ರಿಕನ್ ಶೇ 81.4, ಕಲರ್ಡ್ ಶೇ 8.2, ಬಿಳಿಯರು ಶೇ 7.3, ಭಾರತೀಯ ಅಥವಾ ಏಷ್ಯನ್ ಶೇ 2.7. 2011ರಲ್ಲಿ ಇದೇ ಕ್ರಮದಲ್ಲಿ 79.2, 8.9, 8.9, 2.5. ಬಿಳಿಯರ ಪಾಲು 8.9ರಿಂದ 7.3ಕ್ಕೆ ಇಳಿದದ್ದನ್ನು ನೋಡಿ ‘ಐದರಲ್ಲಿ ಒಬ್ಬರು ದೇಶ ಬಿಟ್ಟರು’ ಎಂದು ಬರೆದವರುಂಟು. ಸಂಖ್ಯೆಗೆ ತಿರುಗಿಸಿ ನೋಡಿದರೆ ಸುಮಾರು 45.9 ಲಕ್ಷದಿಂದ 45 ಲಕ್ಷ, ಇಳಿಕೆ ಶೇ 2ರಷ್ಟು. ಪಾಲು ಕುಸಿದದ್ದು ಮುಖ್ಯವಾಗಿ ಉಳಿದವರು ಬೆಳೆದದ್ದರಿಂದ. ಶೇಕಡಾವಾರಿನಲ್ಲಿ ಬದಲಾವಣೆ ಕಂಡಾಗಲೆಲ್ಲ ಅದನ್ನು ತಲೆಗಳ ಸಂಖ್ಯೆಗೆ ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಅದಕ್ಕೂ ಮೇಲೊಂದು ತೊಡಕು: 2022ರಲ್ಲಿ ಎಣಿಕೆಗೆ ಸಿಗದವರು ಎಲ್ಲ ಗುಂಪುಗಳಲ್ಲೂ ಸಮನಾಗಿರಲಿಲ್ಲ. ಬಿಳಿಯರಲ್ಲಿ ಮತ್ತು ಭಾರತೀಯ-ಏಷ್ಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿಕ್ಕಿರಲಿಲ್ಲ. ಹಾಗಾಗಿ ‘ಭಾರತೀಯ ಮೂಲದವರು 17 ಲಕ್ಷ’ ಎಂಬ ಅಂಕಿ ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಮೀರಿ ಹಿಗ್ಗಿಸಿದ್ದು. ಆ ಗುಂಪಿನ ವಯಸ್ಸು, ಪ್ರಾಂತ್ಯ, ಭಾಷೆಗಳ ಸಣ್ಣ ಕೋಷ್ಟಕಗಳನ್ನು ಇನ್ನೂ ಹುಷಾರಾಗಿ ಮುಟ್ಟಬೇಕು. ಹೆಸರು ಹೇಳುವಂತೆ ಅದರಲ್ಲಿ ಇತರ ಏಷ್ಯನ್ನರೂ ಸೇರಿದ್ದಾರೆ, 1860ರಿಂದ ನಟಾಲ್‌ನ ಕಬ್ಬಿನ ತೋಟಗಳಿಗೆ ಬಂದವರ ಸಂತತಿ ಮಾತ್ರವಲ್ಲ.

ಭಾಷೆಯ ಕೋಷ್ಟಕದ ಒಟ್ಟು ಬೇರೆ. 2022ರದು ಒಂದು ವರ್ಷ ತುಂಬಿದವರ ಮೇಲಿನ ಲೆಕ್ಕ, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಯಾವುದು ಎಂಬ ಪ್ರಶ್ನೆಗೆ ಉತ್ತರ. ಇಸಿಜುಲು ಶೇ 24.4, ಇಸಿಖೋಸಾ 16.3, ಆಫ್ರಿಕಾನ್ಸ್ 10.6, ಸೆಪೆಡಿ 10.0, ಇಂಗ್ಲಿಷ್ 8.7. ಶೇ 8.7 ನೋಡಿ ಇಂಗ್ಲಿಷ್ ಬಲ್ಲವರು ಇಷ್ಟೇ ಎಂದುಕೊಂಡರೆ ಮೋಸ. ಕಚೇರಿ, ಕಾಲೇಜು, ಟಿವಿಯಲ್ಲಿ ಅದೇ ಮುಂದೆ, ಅಡುಗೆಮನೆಯಲ್ಲಿ ಹಿಂದೆ. ಭಾಷೆಯಿಂದ ಜನಗುಂಪು ಊಹಿಸುವುದೂ ಬೇಡ: 2011ರಲ್ಲಿ ಆಫ್ರಿಕಾನ್ಸ್ ಆಡುವ ಕಲರ್ಡ್ ಜನ 34 ಲಕ್ಷ, ಬಿಳಿಯರು 27 ಲಕ್ಷ. ಕೋಷ್ಟಕಗಳನ್ನು ಜೋಡಿಸುವಾಗ ಸೆಪೆಡಿ ಕೆಲವೆಡೆ ‘ಸೆಸೊಥೊ ಸಾ ಲೆಬೊವಾ’ ಎಂದಿರುತ್ತದೆ. ಅದನ್ನು ಸೆಸೊಥೊ ಸಾಲಿಗೆ ಸೇರಿಸಿದರೆ ಎರಡೂ ಕೆಡುತ್ತವೆ. 2023ರಲ್ಲಿ ಸನ್ನೆ ಭಾಷೆ ಹನ್ನೆರಡನೇ ಅಧಿಕೃತ ಭಾಷೆಯಾಯಿತು, ಹಳೆಯ ವರದಿಗಳ ‘ಹನ್ನೊಂದು’ ಆ ಕಾಲಕ್ಕೆ ಸರಿ.

ವಯಸ್ಸು, ಲಿಂಗ, ಆಯುಷ್ಯ

ಲಿಂಗಾನುಪಾತ ಓದುವಾಗ ದಿಕ್ಕು ನೋಡಿ. ಅಲ್ಲಿ ಕೊಡುವುದು ನೂರು ಹೆಂಗಸರಿಗೆ ಎಷ್ಟು ಗಂಡಸರು ಎಂದು, ನಮಗೆ ರೂಢಿಯಾದ ‘ಸಾವಿರ ಗಂಡಸರಿಗೆ ಇಷ್ಟು ಹೆಂಗಸರು’ ಅಲ್ಲ. 2022ರಲ್ಲಿ ಅದು 94, ಅಂದರೆ ಹೆಂಗಸರೇ ಹೆಚ್ಚು. ಪ್ರಾಂತ್ಯಗಳಲ್ಲಿ ಗಣಿ-ಕಾರ್ಖಾನೆಗಳ ವಲಸೆಯ ಗುರುತು ಇಲ್ಲಿ ಸ್ಪಷ್ಟ: 2011ರಲ್ಲಿ ಗೌಟೆಂಗ್‌ನಲ್ಲಿ ಗಂಡಸರು ನೂರಕ್ಕಿಂತ ತುಸು ಮೇಲೆ, ದುಡಿಯುವವರನ್ನು ಕಳಿಸುವ ಲಿಂಪೊಪೊದಲ್ಲಿ ಸುಮಾರು 87. ಗಣತಿಯ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಎಣಿಸುವ ಪದ್ಧತಿ ಅಲ್ಲಿಯದು. ತಿಂಗಳಿಗೊಮ್ಮೆ ಊರಿಗೆ ಹೋಗುವ ಕಾರ್ಮಿಕ ಊರಿನ ಲೆಕ್ಕದಲ್ಲಿ ಬರುವುದಿಲ್ಲ. ಅನುಪಾತ 87 ಎಂದರೆ ಗಂಡುಮಕ್ಕಳು ಕಡಿಮೆ ಹುಟ್ಟಿದರು ಎಂದಲ್ಲ.

ಮಧ್ಯಾಂಕ ವಯಸ್ಸು (ಅರ್ಧ ಜನ ಇದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು) 1996ರಲ್ಲಿ 22, 2001ರಲ್ಲಿ 23, 2011ರಲ್ಲಿ 25, 2022ರಲ್ಲಿ 28. ಈ ಸರಣಿ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ, ಧೈರ್ಯವಾಗಿ ಬಳಸಬಹುದು. ಅತಿ ಚಿಕ್ಕ ಮಕ್ಕಳ ಸಂಖ್ಯೆಗೆ ಆ ಧೈರ್ಯ ಬೇಡ. ಹಸುಗೂಸುಗಳನ್ನು ಮನೆಯವರೇ ಪಟ್ಟಿಗೆ ಹೇಳಲು ಮರೆಯುತ್ತಾರೆ. ತಾಳೆ ನೋಡುವ ದಾರಿ: ಗಣತಿಗೆ ಮುಂಚಿನ ಐದು ವರ್ಷಗಳ ಜನನ ನೋಂದಣಿ ಕೂಡಿಸಿ, ಅಷ್ಟರಲ್ಲಿ ತೀರಿಹೋದ ಮಕ್ಕಳನ್ನು ಕಳೆದು, 0–4 ವಯೋಮಾನದ ಅಂಕಿಯ ಪಕ್ಕದಲ್ಲಿಡಿ. ನೋಂದಣಿಯಾದ ವರ್ಷವನ್ನಲ್ಲ, ಹುಟ್ಟಿದ ವರ್ಷವನ್ನು ಹಿಡಿಯಬೇಕು. ಅಲ್ಲಿ ತಡವಾಗಿ ನೋಂದಾಯಿಸುವವರು ಪ್ರತಿ ವರ್ಷವೂ ಇರುತ್ತಾರೆ.

ಜೀವಿತಾವಧಿಗೆ ಗಣತಿಯ ಕಡೆ ಹೋಗಬೇಡಿ, ಪ್ರತಿ ವರ್ಷ ಬರುವ ವರ್ಷಮಧ್ಯದ ಅಂದಾಜು ಹಿಡಿಯಿರಿ. ಆದರೆ ಅದರ ಒಂದು ಗುಣ ತಿಳಿದಿರಲಿ: ಪ್ರತಿ ವರ್ಷದ ಪ್ರಕಟಣೆ 2002ರಿಂದ ಈಚಿನ ಇಡೀ ಸರಣಿಯನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ, ಹಿಂದಿನ ಪ್ರಕಟಣೆ ಅಲ್ಲಿಗೆ ರದ್ದು. 2021ರ ಪ್ರಕಟಣೆಯಲ್ಲಿ ಆ ವರ್ಷದ ಜೀವಿತಾವಧಿ ಗಂಡಸರಿಗೆ 59.3, ಹೆಂಗಸರಿಗೆ 64.6. 2024ರ ಪ್ರಕಟಣೆಯಲ್ಲಿ ಆ ವರ್ಷಕ್ಕೆ 63.6 ಮತ್ತು 69.2. ಮೂರು ವರ್ಷದಲ್ಲಿ ನಾಲ್ಕು ವರ್ಷ ಆಯುಷ್ಯ ಕೂಡಿತು ಎಂದು ಬರೆಯಲು ಕೈ ತುರಿಸುತ್ತದೆ. ಕೋವಿಡ್ ಸಾವುಗಳು ನಿಂತದ್ದು ಅದರಲ್ಲಿ ಇದೆ, ಹೊಸ ಗಣತಿಗೆ ತಕ್ಕಂತೆ ಮಾದರಿ ಬದಲಾದದ್ದೂ ಇದೆ. ಎರಡನ್ನು ಬಿಡಿಸಬೇಕಾದರೆ ಇತ್ತೀಚಿನ ಒಂದೇ ಪ್ರಕಟಣೆಯ ಒಳಗಿನ 2021 ಮತ್ತು 2024 ಸಾಲುಗಳನ್ನು ಹೋಲಿಸಿ. ಈ ತಪ್ಪು ತಜ್ಞರೆನಿಸಿಕೊಂಡವರಿಂದಲೂ ಆಗುತ್ತದೆ, ಹಳೆಯ ಪಿಡಿಎಫ್‌ಗಳು ಕಂಪ್ಯೂಟರಿನಲ್ಲಿ ಉಳಿದುಬಿಟ್ಟಿರುತ್ತವಲ್ಲ.

ಈ ಸರಣಿಯ ಆಕಾರವನ್ನು ಎಚ್‌ಐವಿ ಇಲ್ಲದೆ ವಿವರಿಸಲಾಗದು. 2000ದ ದಶಕದ ನಡುವಿನ ತನಕ ಆಯುಷ್ಯ ಕುಸಿಯಿತು, 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧ ಹರಡುತ್ತಿದ್ದಂತೆ ಏರಿತು, 2021ರಲ್ಲಿ ಕೋವಿಡ್‌ನಿಂದ ಮತ್ತೆ ಕುಳಿ ಬಿತ್ತು.

ಗಣತಿಯಲ್ಲದೆ ಬೇರೆ ಮೂಲಗಳೂ ಇವೆ: ಉದ್ಯೋಗಕ್ಕೆ ತ್ರೈಮಾಸಿಕ ಕಾರ್ಮಿಕ ಸಮೀಕ್ಷೆ, ಮನೆಯ ಸೌಲಭ್ಯಗಳ ವಾರ್ಷಿಕ ಬದಲಾವಣೆಗೆ ಸಾಮಾನ್ಯ ಗೃಹ ಸಮೀಕ್ಷೆ, ಎರಡು ಗಣತಿಗಳ ನಡುವಿನ ಪಾಲಿಕೆ ಚಿತ್ರಕ್ಕೆ 2016ರ ಸಮುದಾಯ ಸಮೀಕ್ಷೆ (ಒಟ್ಟು 5.57 ಕೋಟಿ). ಬೇಕಾದ ಅಡ್ಡಕೋಷ್ಟಕ ನೀವೇ ಕಟ್ಟಿಕೊಳ್ಳಲು ಅಂಕಿಅಂಶ ಸಂಸ್ಥೆಯ ಸೂಪರ್‌ವೆಬ್ ಎಂಬ ಅಂತರ್ಜಾಲ ಸಾಧನ ಇದೆ. ವ್ಯಕ್ತಿಮಟ್ಟದ ಮಾದರಿ ದತ್ತಾಂಶ ಬೇಕಾದವರಿಗೆ ಕೇಪ್‌ಟೌನ್ ವಿಶ್ವವಿದ್ಯಾಲಯದ ದತ್ತಾಂಶ ಭಂಡಾರ ಡೇಟಾಫಸ್ಟ್. ಅಲ್ಲಿಂದ ಕಡತ ಇಳಿಸಿಕೊಂಡವರು ತೂಕದ ಅಂಕಣ ಹಚ್ಚದೆ ಸರಾಸರಿ ತೆಗೆದರೆ ಸಿಗುವುದು ದೇಶದ ಸರಾಸರಿಯಲ್ಲ, ಬಾಗಿಲು ತೆರೆದವರ ಸರಾಸರಿ.

1996ಕ್ಕಿಂತ ಹಿಂದೆ

ಇಪ್ಪತ್ತನೇ ಶತಮಾನದ ಉದ್ದಕ್ಕೂ ಒಂದು ಗೆರೆ ಎಳೆಯುವ ಆಸೆ ಸಹಜ. ನಾಲ್ಕು ವಸಾಹತುಗಳು ಸೇರಿ ಒಕ್ಕೂಟವಾದ ಮರುವರ್ಷ, 1911ರಲ್ಲಿ ಸುಮಾರು 60 ಲಕ್ಷದಿಂದ ಶುರು ಮಾಡಬಹುದು, 1970ರ ತನಕ ನಿಧಾನವಾಗಿ ಬರಬಹುದು. ಅಲ್ಲಿಂದ ಮುಂದೆ ನೆಲವೇ ತುಂಡಾಗುತ್ತದೆ. ಅಪಾರ್ಥೀಡ್ ಸರ್ಕಾರ ಟ್ರಾನ್ಸ್‌ಕೈ (1976), ಬೊಫುತಾಟ್ಸ್ವಾನಾ (1977), ವೆಂಡಾ (1979), ಸಿಸ್ಕೈ (1981) ಎಂಬ ನಾಲ್ಕು ಪ್ರದೇಶಗಳನ್ನು ‘ಸ್ವತಂತ್ರ ದೇಶ’ ಎಂದು ಘೋಷಿಸಿ ಅಲ್ಲಿಯ ಜನರನ್ನು ಗಣತಿಯಿಂದಲೇ ತೆಗೆದುಹಾಕಿತು. 1980ರ ಗಣತಿಯಲ್ಲಿ ಮೊದಲ ಮೂರು ಇಲ್ಲ, 1985 ಮತ್ತು 1991ರಲ್ಲಿ ನಾಲ್ಕೂ ಇಲ್ಲ. 1991ರಲ್ಲಿ ಕೆಲವು ಕಡೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಮನೆ ಎಣಿಸಿ ಜನರನ್ನು ಅಂದಾಜು ಮಾಡಿದ್ದೂ ಉಂಟು.

1991ರ ಪ್ರಕಟಿತ ಅಂಕಿ ಸುಮಾರು 3.1 ಕೋಟಿ, 1996ರದು 4.06 ಕೋಟಿ. ಐದಾರು ವರ್ಷದಲ್ಲಿ ಶೇ 31 ಏರಿಕೆ ಎಂದು ಯಾವುದಾದರೂ ನಕ್ಷೆ ತೋರಿಸಿದರೆ ಅದನ್ನು ಬರೆದವರು ಅಡಿಟಿಪ್ಪಣಿ ಓದಿಲ್ಲ. ನಾಲ್ಕೂ ಪ್ರದೇಶಗಳು 1994ರಲ್ಲಿ ದೇಶಕ್ಕೆ ಮರಳಿದವು, ಆ ಜನ ಮೊದಲೂ ಅಲ್ಲೇ ಇದ್ದರು. ಹಳೆಯ ಸರಣಿ ಬೇಕೇ ಬೇಕೆಂದರೆ ಆ ಪ್ರದೇಶಗಳು ತಾವೇ ನಡೆಸಿದ ಗಣತಿ-ಅಂದಾಜುಗಳನ್ನು ಪ್ರತ್ಯೇಕ ಸಾಲಾಗಿ ಸೇರಿಸಿ, ನಕ್ಷೆಯಲ್ಲಿ 1980ರಿಂದ 1991ರ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸಿ. ಪ್ರಾಂತ್ಯವಾರು ಗೆರೆಯನ್ನು ಮಾತ್ರ 1996ರಿಂದ ಹಿಂದಕ್ಕೆ ಎಳೆಯಲಾಗದು. ಆಗ ಇದ್ದದ್ದು ನಾಲ್ಕು ಪ್ರಾಂತ್ಯ, ಈಗಿನ ಒಂಬತ್ತು ಹುಟ್ಟಿದ್ದೇ 1994ರಲ್ಲಿ.